ಬೇಲಿಯಾಚೆಯ ಮಗು: ಶಾಲಾ ಶಿಬಿರದ ಒಂದು ಚರಿತ್ರೆ

ಕಳೆದ ಚಳಿಗಾಲದ ಕೊನೆಯಲ್ಲಿ ನಮ್ಮ ಮಕ್ಕಳ ಶಾಲೆಯಿಂದ ಒಂದು ಸುತ್ತೋಲೆ ಬಂದಿತು. ಆರನೆಯ ತರಗತಿಯ ಮಕ್ಕಳನ್ನು ಎರಡು ರಾತ್ರಿಗಳ ಮಟ್ಟಿಗೆ ಅರಾವಳಿಯ ತಪ್ಪಲಿಗೆ ಶಿಬಿರಕ್ಕೆ ಕರೆದೊಯ್ಯುವುದಾಗಿಯೂ, ಮೇಲ್ವಿಚಾರಣೆಗೆ ನೆರವಾಗಬಲ್ಲ ಪೋಷಕರು ಹೆಸರು ಕೊಡಬೇಕೆಂದೂ ಅದರಲ್ಲಿತ್ತು. ಗುರುಗ್ರಾಮದಲ್ಲಿ ನೆಲೆಸಿರುವ ನಾವು ಎರಡು ಕನ್ನಡ ಕುಟುಂಬಗಳ ನಾಲ್ವರು ಹಿಂದುಮುಂದು ನೋಡದೆ ಹೆಸರು ಕೊಟ್ಟೆವು. ಊರಿನ ಮಕ್ಕಳಿಗೆ ಗುಡ್ಡ, ತೋಟ, ಕೆರೆಯ ಏರಿ ಹುಟ್ಟಿನೊಡನೆ ಬಂದ ಆಸ್ತಿ. ನಮ್ಮ ಮಕ್ಕಳಿಗೆ ಅವುಗಳನ್ನು ಶುಲ್ಕ ಕಟ್ಟಿ ತೋರಿಸಬೇಕಾಗಿದೆಯಲ್ಲ ಎಂಬ ಕೊರಗೂ ಆ ಒಪ್ಪಿಗೆಯ ಹಿಂದೆ ಇದ್ದಿತು.

ಮೂವತ್ತೆಂಟು ಮಕ್ಕಳು, ಮೂವರು ಅಧ್ಯಾಪಕರು, ನಾವು ನಾಲ್ವರು. ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ರಸ್ತೆಯಲ್ಲಿ ಬಸ್ಸು ಬಹುಮಹಡಿ ಕಟ್ಟಡಗಳನ್ನು ಹಿಂದಿಕ್ಕಿದ ಕೆಲವೇ ನಿಮಿಷಗಳಲ್ಲಿ ಕಲ್ಲುಗುಡ್ಡಗಳು ಎದುರಾದವು. ಇಕ್ಕೆಲಗಳಲ್ಲೂ ಮುಳ್ಳಿನ ಪೊದೆ. ಇಲ್ಲಿಯವರು ‘ವಿಲಾಯತಿ ಕೀಕರ್’ ಎನ್ನುವ ಆ ಗಿಡವನ್ನು ನಮ್ಮ ಕಡೆಯವರು ಬಳ್ಳಾರಿ ಜಾಲಿ ಎಂದು ಕರೆಯುತ್ತಾರೆ. ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ದೆಹಲಿಯಲ್ಲಿ ವಿಲಾಯಿತಿಯ ಹೆಸರು, ಕನ್ನಡದಲ್ಲಿ ಬಳ್ಳಾರಿಯ ಹೆಸರು! ಹೊಸ ರಾಜಧಾನಿಯನ್ನು ಕಟ್ಟುವ ದಿನಗಳಲ್ಲಿ ದೆಹಲಿಯ ಬೆಟ್ಟಸಾಲನ್ನು ಹಸಿರಾಗಿಸಲೆಂದು ಬ್ರಿಟಿಷರು ಇದನ್ನು ನೆಡಿಸಿದರು. ಇಂದು ಅದು ಅರಾವಳಿಯ ಮೂಲ ಮರಗಳನ್ನು ಒತ್ತರಿಸಿ ಎಲ್ಲೆಲ್ಲೂ ಹಬ್ಬಿದೆ. ಮಂಗರ್ ಗ್ರಾಮದ ದೇವರಕಾಡಿನಂತಹ ಕೆಲವೇ ಕಡೆಗಳಲ್ಲಿ, ಗುಜ್ಜರ್ ಹಳ್ಳಿಗರು ಕೊಡಲಿ ಹಾಕದೆ ಕಾಪಾಡಿಕೊಂಡು ಬಂದಿರುವುದರಿಂದ, ಧೌ ಮರಗಳ ಹಳೆಯ ಕಾಡು ಉಳಿದಿದೆ.

ನಮ್ಮ ಶಿಬಿರದ ಜಾಗ ಖಾಸಗಿಯವರದು. ಸುತ್ತಲೂ ಆಳೆತ್ತರದ ತಂತಿಬೇಲಿ, ಒಂದು ದ್ವಾರ, ಇಬ್ಬರು ಕಾವಲುಗಾರರು, ಒಳಗೆ ಸಾಲಾಗಿ ನಿಂತ ಡೇರೆಗಳು. ಇಳಿದ ಕೂಡಲೇ ನಮಗೆ ವಹಿಸಿದ ಕೆಲಸ ತಲೆ ಎಣಿಸುವುದು. ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ, ಮಲಗುವ ಮುನ್ನ ಮತ್ತೊಮ್ಮೆ.

ಎರಡನೆಯ ಸಂಜೆ ಎಣಿಕೆಯಲ್ಲಿ ಒಂದು ತಲೆ ಕಡಿಮೆಯಾಯಿತು. ನಡೆದುದನ್ನು ಹೇಳುವ ಮುನ್ನ ಶಿಬಿರವೆಂಬುದರ ಹಿಂದಿನ ಕಥೆಯನ್ನು ಕೊಂಚ ಹೇಳಬೇಕಾಗಿದೆ. ಅಂದು ನಾವು ಏನು ಮಾಡಿದೆವು ಎಂಬುದು ನಮಗೇ ತಿಳಿದದ್ದು ಮನೆಗೆ ಮರಳಿ ಆ ಕಥೆಯನ್ನು ಓದಿದ ಮೇಲೆ.

ಕನ್ನಡದಲ್ಲಿ ಶಿಬಿರಕ್ಕಿರುವ ಹಳೆಯ ಮಾತುಗಳೆಲ್ಲ ಸೇನೆಯ ಮಾತುಗಳು. ದಂಡು, ಪಾಳೆಯ, ಬೀಡು, ಡೇರೆ, ಗುಡಾರ. ದಂಡು ಎತ್ತಿನ ಗಾಡಿಗಳ ಹೊರೆಯನ್ನು ಇಳಿಸಿ ತಂಗಿದ ಎಡೆ ಬೀಡು. ಅರಸನು ನೆಲೆಯಾಗಿ ತಂಗಿದರೆ ಅದೇ ನೆಲೆವೀಡು, ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು. ಹೊಯ್ಸಳರ ರಾಜಧಾನಿ ದೋರಸಮುದ್ರ ಪಾಳುಬಿದ್ದ ಮೇಲೆ ಹಳೇಬೀಡು ಎನಿಸಿಕೊಂಡಿತು. ಪಾಳೆಯದಿಂದ ಪಾಳೆಯಗಾರ ಹುಟ್ಟಿದ. ಬೆಂಗಳೂರಿನಲ್ಲಿ ಬ್ರಿಟಿಷರ ಸೇನೆ ಬಂದು ನೆಲೆಸಿದ ಭಾಗವನ್ನು ಊರವರು ದಂಡು ಎಂದೇ ಕರೆದರು. ದೆಹಲಿಯದೂ ಇದೇ ಬಗೆ. ಉರ್ದೂ ಎಂಬ ಶಬ್ದದ ಮೂಲಾರ್ಥವೇ ಪಾಳೆಯ. ಬಾದಶಹರ ಪಾಳೆಯದ ನುಡಿಯೆಂಬುದರಿಂದ ಆ ಭಾಷೆಗೆ ಹೆಸರು ಬಂದಿತು.

ಈ ನಗರಕ್ಕೆ ಡೇರೆಗಳು ಹೊಸತಲ್ಲ. 1877, 1903, 1911, ಮೂರು ಸಲವೂ ದೆಹಲಿಯ ಉತ್ತರದ ಬಯಲಿನಲ್ಲಿ ದರ್ಬಾರಿಗಾಗಿ ಡೇರೆಗಳ ಊರೇ ಎದ್ದಿತು. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ವರ್ಗಾಯಿಸುವುದಾಗಿ ಸಾರಿದುದು ಅಂತಹ ಒಂದು ಬಿಡಾರದ ನಡುವೆ ನಿಂತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೂ ಇತರ ಸಂಸ್ಥಾನಾಧೀಶರೊಡನೆ ಅಲ್ಲಿದ್ದರು. ಯಾರ ಡೇರೆ ದೊರೆಯ ಡೇರೆಗೆ ಎಷ್ಟು ಹತ್ತಿರ ಎಂಬುದರಲ್ಲೇ ಅಂದಿನ ಮಾನ ಮರ್ಯಾದೆಗಳ ಲೆಕ್ಕ. ಆ ಬಯಲಿನ ಒಂದು ಭಾಗಕ್ಕೆ ಕಿಂಗ್ಸ್‌ವೇ ಕ್ಯಾಂಪ್ ಎಂಬ ಹೆಸರು ಉಳಿದುಕೊಂಡಿತು. ಮೂವತ್ತಾರು ವರ್ಷಗಳ ಬಳಿಕ, ದೇಶ ವಿಭಜನೆಯಾದಾಗ, ಅದೇ ಹೆಸರಿನ ನೆಲದ ಮೇಲೆ ದೆಹಲಿಯ ಅತಿ ದೊಡ್ಡ ನಿರಾಶ್ರಿತ ಶಿಬಿರ ಎದ್ದಿತು.

ಸೈನಿಕರ ಈ ವಸ್ತು ಶಾಲೆಯ ಮಕ್ಕಳ ಕೈಗೆ ಬಂದ ದಾರಿಯೂ ದೆಹಲಿಯ ಆಸುಪಾಸಿನಲ್ಲೇ ಹಾದುಹೋಗುತ್ತದೆ. ರಾಬರ್ಟ್ ಬೇಡನ್-ಪೊವೆಲ್ ಎಂಬ ಸೇನಾಧಿಕಾರಿ 1897ರಲ್ಲಿ ಐದನೆಯ ಡ್ರಗೂನ್ ಗಾರ್ಡ್ಸ್ ಎಂಬ ಅಶ್ವದಳದ ಮುಖ್ಯಸ್ಥನಾಗಿ ಮೀರತ್ತಿಗೆ ಬಂದ. ಇಂದು ಮೀರತ್ ರಾಷ್ಟ್ರ ರಾಜಧಾನಿ ವಲಯದೊಳಗೇ ಸೇರಿದೆ. ನೆಲದ ಮೇಲಿನ ಹೆಜ್ಜೆ ಗುರುತು ಓದುವುದು, ಅಪರಿಚಿತ ಪ್ರದೇಶದಲ್ಲಿ ದಿಕ್ಕು ಹಿಡಿಯುವುದು, ಕಾಣಿಸಿಕೊಳ್ಳದೆ ಕಾಣುವುದು, ಇವುಗಳನ್ನು ಆತ ಸಿಪಾಯಿಗಳಿಗೆ ಕಲಿಸಿದ. ಆ ಪಾಠಗಳು 1899ರಲ್ಲಿ ಸೈನಿಕರ ಕೈಪಿಡಿಯಾಗಿ ಅಚ್ಚಾದವು. ಜಾಡು ಹಿಡಿಯುವುದರಲ್ಲಿ ಆಫ್ರಿಕ ಮತ್ತು ಭಾರತದ ಸ್ಥಳೀಯರಿಗಿದ್ದ ನೈಪುಣ್ಯವನ್ನು ಆತ ಮೆಚ್ಚಿ ಬರೆದಿದ್ದಾನೆ. ಕಾಡಿನವರ, ದನಗಾಹಿಗಳ, ಬೇಟೆಗಾರರ ವಿದ್ಯೆಯೊಂದು ಹೀಗೆ ಸೇನೆಯ ಪಠ್ಯಕ್ಕೆ ಸೇರಿತು. ಅಲ್ಲಿಂದ ಮಕ್ಕಳ ಪಠ್ಯಕ್ಕೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ.

1907ರ ಆಗಸ್ಟ್ ತಿಂಗಳ ಮೊದಲ ವಾರ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಬೇಡನ್-ಪೊವೆಲ್ ಸುಮಾರು ಇಪ್ಪತ್ತು ಹುಡುಗರನ್ನು ಸೇರಿಸಿ ಡೇರೆ ಹಾಕಿದ. ಅವರಲ್ಲಿ ಅರ್ಧದಷ್ಟು ಹುಡುಗರು ಈಟನ್, ಹ್ಯಾರೋನಂತಹ ಶ್ರೀಮಂತರ ಶಾಲೆಗಳಿಂದ ಬಂದವರು. ಉಳಿದವರು ಹತ್ತಿರದ ಪೂಲ್, ಬೋರ್ನ್‌ಮತ್ ಪಟ್ಟಣಗಳ ದುಡಿಯುವ ಮನೆಗಳ ಮಕ್ಕಳು. ಇಂಗ್ಲೆಂಡಿನಲ್ಲಿ ಇಂತಹ ಇಬ್ಬರು ಹುಡುಗರು ಒಂದೇ ಬೆಂಚಿನಲ್ಲಿ ಕೂರುವುದೂ ಅಪರೂಪವಾಗಿದ್ದ ಕಾಲ ಅದು. ಆತ ಅವರನ್ನು ಬೆರೆಸಿ ನಾಲ್ಕು ತಂಡ ಮಾಡಿದ. ಪ್ರತಿ ತಂಡಕ್ಕೂ ಒಬ್ಬ ಹಿರಿಯ ಹುಡುಗನೇ ನಾಯಕ. ದೊಡ್ಡವರ ಮೇಲ್ವಿಚಾರಣೆ ಇರಬೇಕು, ಆದರೆ ತುಸು ದೂರದಲ್ಲಿರಬೇಕು. ಮಕ್ಕಳು ಮಕ್ಕಳ ಹೊಣೆ ಹೊರಬೇಕು. ಇಂದಿಗೂ ಜಗತ್ತಿನ ಶಾಲಾ ಶಿಬಿರಗಳು ಈ ಏರ್ಪಾಟನ್ನು ಒಂದಲ್ಲ ಒಂದು ರೂಪದಲ್ಲಿ ಅನುಸರಿಸುತ್ತಿವೆ.

ಎರಡೇ ವರ್ಷಗಳಲ್ಲಿ ಈ ಚಟುವಟಿಕೆ ಭಾರತವನ್ನು ಮುಟ್ಟಿತು. ಮುಟ್ಟಿದ ಮೊದಲ ಊರು ನಮ್ಮ ಬೆಂಗಳೂರು. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ದಂಡಿನ ಪ್ರದೇಶದ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಈ ದೇಶದ ಮೊದಲ ಸ್ಕೌಟ್ ದಳವನ್ನು ಆರಂಭಿಸಿದರು. ಮುಂದಿನ ಒಂದೆರಡು ವರ್ಷಗಳಲ್ಲಿ ಪುಣೆ, ಶಿಮ್ಲಾ, ಮದರಾಸು, ಜಬಲ್ಪುರಗಳಲ್ಲಿ ದಳಗಳು ಹುಟ್ಟಿದವು. ಕನ್ನಡ ನೆಲಕ್ಕೆ ಸಂದ ಈ ಹಿರಿಮೆಯನ್ನು ಓದಿ ಹಿಗ್ಗುವಷ್ಟರಲ್ಲೇ ಮುಂದಿನ ಸಾಲು ಎದುರಾಗುತ್ತದೆ: ಆ ದಳಗಳು ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಮಾತ್ರ ಮೀಸಲು. ತನ್ನ ದೇಶದಲ್ಲಿ ಸಿರಿವಂತನ ಮಗನನ್ನೂ ಕೂಲಿಯವನ ಮಗನನ್ನೂ ಒಂದೇ ಡೇರೆಯಲ್ಲಿ ಮಲಗಿಸಿದ ಚಳವಳಿ ಇಲ್ಲಿ ಬಣ್ಣ ನೋಡಿ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಅಲ್ಲಿಯ ಕೆರೆ ದಿಣ್ಣೆಗಳನ್ನು ಬಲ್ಲ ಕನ್ನಡದ ಹುಡುಗ ಬೇಲಿಯ ಹೊರಗೆ ನಿಂತು ನೋಡಬೇಕಾಯಿತು. ಭಾರತೀಯ ಹುಡುಗರಿಗೆ ಇಂತಹ ತರಬೇತಿ ಕೊಟ್ಟರೆ ಅದು ಮುಂದೆ ಎಲ್ಲಿಗೆ ಮುಟ್ಟೀತೋ ಎಂಬ ಅಳುಕೂ ಆಳುವವರಿಗಿದ್ದಿತು.

ಹೊರಗಿಟ್ಟವರು ತಮ್ಮದೇ ಡೇರೆ ಹೂಡಿದರು. 1916ರಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಸ್ಕೌಟ್ ಸಂಘ ಕಟ್ಟಿದರು. ಅದರ ಬಾಲಕರು ಪೇಟ ಸುತ್ತಿದರು, ಭಾರತೀಯ ಹಾಡುಗಳನ್ನು ಹಾಡಿದರು. 1918ರಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿ ಅಲಹಾಬಾದಿನಲ್ಲಿ ಸೇವಾ ಸಮಿತಿ ಸ್ಕೌಟ್ ಸಂಘವನ್ನು ಆರಂಭಿಸಿದರು. 1921ರಲ್ಲಿ ಬೇಡನ್-ಪೊವೆಲ್ ದಂಪತಿಗಳು ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಮೂಲ ಸಂಸ್ಥೆಯೊಡನೆ ಒಂದಾಯಿತು. ಸೇವಾ ಸಮಿತಿ ಒಪ್ಪದೆ ಹೊರಗೇ ಉಳಿಯಿತು. ದೊಡ್ಡಬಳ್ಳಾಪುರದಲ್ಲಿ ಇಂದು ಕರ್ನಾಟಕದ ಸ್ಕೌಟರು ಬಿಡಾರ ಹೂಡುವ ತಾಣಕ್ಕೆ ಆನಿ ಬೆಸೆಂಟರ ಹೆಸರಿದೆ. ನಮ್ಮಲ್ಲೊಬ್ಬರು ಬಾಲ್ಯದಲ್ಲಿ ಅಲ್ಲಿ ಮೂರು ರಾತ್ರಿ ಕಳೆದಿದ್ದರೂ ಆ ಹೆಸರು ಅಲ್ಲಿಗೆ ಏಕೆ ಬಂತೆಂದು ಅಂದು ಕೇಳಿರಲಿಲ್ಲ.

ಕನ್ನಡ ನಾಡಿನ ಮತ್ತೊಂದು ಶಿಬಿರವನ್ನು ಇಲ್ಲಿ ನೆನೆಯದಿರಲಾಗದು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರೂ ಅವರ ಸ್ವಯಂಸೇವಕರೂ ಸೆರೆಮನೆಯ ಕಷ್ಟಕ್ಕೆ ಬಾಗದೆ ಹೆಸರಾದರು. ಅದೇ ವರ್ಷದ ಕೊನೆಗೆ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಜನ್ಮ ತಾಳಿತು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅಧಿವೇಶನದ ಬಿಡಾರಕ್ಕೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ಹೊಸ ಬಾವಿ ತೋಡಿ ಅದನ್ನು ಪಂಪಾ ಸರೋವರವೆಂದು ಕರೆದರು. ಹರ್ಡೀಕರರ ಸ್ವಯಂಸೇವಕರು ಶಿಸ್ತು, ನೀರು, ನೈರ್ಮಲ್ಯಗಳ ಹೊಣೆ ಹೊತ್ತರು. ಉಮಾಬಾಯಿ ಕುಂದಾಪುರ ಅವರು 150ಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವಕಿಯರನ್ನಾಗಿ ಸೇರಿಸಿದರು. ಅವರಲ್ಲಿ ಮನೆಯ ಹೊಸ್ತಿಲು ದಾಟಲು ಅಪ್ಪಣೆಯಿಲ್ಲದ ವಿಧವೆಯರೂ ಇದ್ದರು. ಅದು ಮಕ್ಕಳ ಶಿಬಿರವಾಗಿರಲಿಲ್ಲ, ನಿಜ. ಆದರೆ ಯಾರನ್ನು ಒಳಗೆ ಬಿಡಬೇಕು ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಬೆಂಗಳೂರಿನ ದಂಡಿನದಕ್ಕಿಂತ ಬೇರೆಯಾಗಿದ್ದಿತು.

ಇದೇ ಸೇವಾದಳದಲ್ಲಿ ಪಳಗಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ವಿಭಜನೆಯ ನಂತರ ಅವರು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸಲು ದುಡಿದರು. ಅಲ್ಲಿ ಡೇರೆಗಳಲ್ಲಿದ್ದ ಸುಮಾರು 30 ಸಾವಿರ ಜನ ತಮ್ಮ ಮನೆಗಳನ್ನು ಗುತ್ತಿಗೆದಾರರಿಗೆ ಬಿಡದೆ ತಾವೇ ಸಹಕಾರಿ ಸಂಘ ಮಾಡಿಕೊಂಡು ಕಟ್ಟಿಕೊಂಡರು. ನಮ್ಮ ಬಸ್ಸು ಹೊರಟಿದ್ದ ದಿಕ್ಕಿನ ಆ ಕೈಗಾರಿಕಾ ನಗರ ಹುಟ್ಟಿದ್ದು ಒಂದು ಬಿಡಾರದಲ್ಲಿ, ಅದರ ಹಿಂದೆ ಕರಾವಳಿಯ ಒಬ್ಬ ಹೆಣ್ಣುಮಗಳ ದುಡಿಮೆಯಿತ್ತು ಎಂಬುದನ್ನು ಇಷ್ಟು ವರ್ಷ ಇಲ್ಲಿದ್ದೂ ನಾವು ಮಕ್ಕಳಿಗೆ ಹೇಳಿರಲಿಲ್ಲ.

ಸ್ವಾತಂತ್ರ್ಯಾನಂತರ ಚದುರಿಹೋಗಿದ್ದ ಸ್ಕೌಟ್ ಸಂಘಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರಿನಲ್ಲಿ ಒಂದಾದವು. ಮೂವತ್ತೆರಡು ವರ್ಷ ಹಿಂದೆ ಪ್ರತ್ಯೇಕ ಸಂಘ ಕಟ್ಟಿದ್ದ ಕುಂಜ್ರು ಅವರೇ ಇದರ ಮೊದಲ ರಾಷ್ಟ್ರೀಯ ಆಯುಕ್ತರು. ಮರುವರ್ಷ ಆಗಸ್ಟ್ 15ರಂದು ಬಾಲಕಿಯರ ಸಂಘವೂ ಸೇರಿತು. ದೆಹಲಿ ಕೇಂದ್ರಸ್ಥಾನವಾಯಿತು. ಮಥುರಾ ಹೆದ್ದಾರಿಯಲ್ಲಿ, ಪಲ್ವಲ್ ಜಿಲ್ಲೆಯ ಗದ್‌ಪುರಿಯಲ್ಲಿರುವ ಅವರ ವಿಶಾಲ ತಾಣದಲ್ಲಿ ದೇಶದ ನಾನಾ ಕಡೆಯ ಮಕ್ಕಳು ಬಂದು ಬಿಡಾರ ಹೂಡುತ್ತಾರೆ. ನಮ್ಮ ದಾವಣಗೆರೆಯ ಬಳಿ ಕೊಂಡಜ್ಜಿ ಕೆರೆಯ ದಂಡೆಯಲ್ಲಿಯೂ ಅಂತಹ ತಾಣವುಂಟು. ಇಲ್ಲೆಲ್ಲ ಸರ್ಕಾರಿ ಶಾಲೆಯ ಮಕ್ಕಳೂ ಖಾಸಗಿ ಶಾಲೆಯವರೂ ಒಂದೇ ಬಣ್ಣದ ಸ್ಕಾರ್ಫ್ ಕಟ್ಟಿ ಒಂದೇ ಪಂಕ್ತಿಯಲ್ಲಿ ಉಣ್ಣುವುದುಂಟು. ಆ ಮಟ್ಟಿಗೆ 1909ರ ಬಾಗಿಲು ತೆರೆಯಿತು ಎನ್ನಬಹುದು.

ಈಗ ಅರಾವಳಿಯ ಆ ಸಂಜೆಗೆ ಮರಳೋಣ.

ಮಧ್ಯಾಹ್ನ ಶಿಬಿರದ ತರಬೇತುದಾರರು ಮಕ್ಕಳಿಗೆ ಹೆಜ್ಜೆ ಗುರುತಿನ ಪಾಠ ಮಾಡಿದ್ದರು. ನೀಲ್ಗಾಯ್, ನರಿ, ಮುಳ್ಳುಹಂದಿಗಳ ಪ್ಲಾಸ್ಟಿಕ್ಕಿನ ಅಚ್ಚುಗಳನ್ನು ತಟ್ಟೆಯಲ್ಲಿ ಹರಡಿದ ಮರಳಿನ ಮೇಲೆ ಒತ್ತಿ ತೋರಿಸಿದ್ದರು. ಮಕ್ಕಳು ಚಿತ್ರ ಬರೆದುಕೊಂಡರು. ಆರು ಗಂಟೆಯ ಎಣಿಕೆಗೆ ಮೂವತ್ತೇಳು ತಲೆ. ಮತ್ತೆ ಎಣಿಸಿದರೂ ಮೂವತ್ತೇಳು. ಚಳಿಗಾಲದ ಕತ್ತಲು ಇಲ್ಲಿ ಬೇಗ ಬೀಳುತ್ತದೆ. ಡೇರೆಗಳಲ್ಲಿ, ಅಡುಗೆಮನೆಯ ಹಿಂದೆ, ಶೌಚಾಲಯಗಳಲ್ಲಿ ಹುಡುಕಿದೆವು. ಕಾಣೆಯಾದವಳು ನಮ್ಮಲ್ಲೊಬ್ಬರ ಮಗಳೇ ಎಂದು ತಿಳಿದಾಗ ನಮ್ಮ ಕೈಯಲ್ಲಿದ್ದ ಪಟ್ಟಿ ನಡುಗುತ್ತಿತ್ತು. ಕಾಲು ಗಂಟೆ ಕಳೆಯುವುದರೊಳಗೆ ತಲೆಯಲ್ಲಿ ಹಾದುಹೋಗದ ಕೆಡುಕಿಲ್ಲ.

ಸಿಕ್ಕಿದ್ದು ಬೇಲಿಯ ಕೊನೆಯ ಮೂಲೆಯಲ್ಲಿ. ಜಾಲಿಯ ಪೊದೆಯ ಮಗ್ಗುಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ತಂತಿಯ ಆಚೆಗೆ ಅವಳಷ್ಟೇ ವಯಸ್ಸಿನ ಒಬ್ಬ ಹುಡುಗ, ಅವನ ಹಿಂದೆ ಏಳೆಂಟು ಆಡುಗಳು. ಅವನು ಕೋಲಿನ ತುದಿಯಿಂದ ನೆಲವನ್ನು ತೋರಿಸುತ್ತ ಏನನ್ನೋ ವಿವರಿಸುತ್ತಿದ್ದ. ನಾವು ಓಡಿಹೋದೆವು. ಮಗಳನ್ನು ಹಿಂದಕ್ಕೆ ಎಳೆದುಕೊಂಡು, ಆ ಹುಡುಗನ ಮೇಲೆ ಹಿಂದಿಯಲ್ಲಿ ಕೂಗಾಡಿದೆವು. ಯಾರು ನೀನು, ಇಲ್ಲೇನು ಕೆಲಸ, ನಡೆ ಇಲ್ಲಿಂದ. ಕಾವಲುಗಾರನೂ ದೊಣ್ಣೆ ಎತ್ತಿಕೊಂಡು ಬಂದ. ಹುಡುಗ ಎದುರಾಡಲಿಲ್ಲ. ಆಡುಗಳನ್ನು ಅಟ್ಟಿಕೊಂಡು ಇಳಿಜಾರಿನಲ್ಲಿ ಮರೆಯಾದ.

ಡೇರೆಗೆ ಮರಳುವ ದಾರಿಯಲ್ಲಿ ಮಗಳು ಬಿಕ್ಕುತ್ತ ಕೇಳಿದಳು: “ಅಮ್ಮ, ಅವನೇನು ಮಾಡಿದ? ನರಿ ಹೆಜ್ಜೆ ತೋರಿಸ್ತಿದ್ದ. ನಿಜವಾದ್ದು. ನೀವ್ಯಾಕೆ ಓಡಿಸಿದ್ರಿ?”

ನಮ್ಮ ಬಳಿ ಉತ್ತರವಿರಲಿಲ್ಲ. ಹೇಳದೆ ಹೋದದ್ದು ತಪ್ಪೆಂದು ಅವಳಿಗೇ ಬುದ್ಧಿ ಹೇಳಿದೆವು. ಅದು ತಪ್ಪೇ, ಅದರಲ್ಲಿ ಸಂದೇಹವಿಲ್ಲ. ಮೂವತ್ತೆಂಟು ಮನೆಗಳ ಮಕ್ಕಳನ್ನು ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸಿರುವಾಗ ಎಣಿಕೆ ತಪ್ಪಿದರೆ ಹೆದರದಿರಲು ಸಾಧ್ಯವಿಲ್ಲ. ಆದರೆ ಮಗು ಸಿಕ್ಕಿದ ಮೇಲೂ ನಮ್ಮ ಕೂಗು ನಿಲ್ಲಲಿಲ್ಲವಲ್ಲ, ಅದು ಭಯದ ಕೂಗಲ್ಲ. ಆ ರಾತ್ರಿ ಮೇಲ್ವಿಚಾರಕರು ತುಂಬಬೇಕಾದ ವರದಿಯ ಹಾಳೆಯಲ್ಲಿ ‘ವಿಶೇಷ ಘಟನೆ’ ಎಂಬ ಅಂಕಣವಿತ್ತು. ‘ಬೇಲಿಯ ಸಮೀಪ ಅಪರಿಚಿತ ವ್ಯಕ್ತಿ ಕಂಡುಬಂದಿದ್ದು, ಹೊರಗೆ ಕಳುಹಿಸಲಾಯಿತು’ ಎಂದು ನಾವು ಬರೆದೆವು. ಹನ್ನೊಂದು ವರ್ಷದ ಹುಡುಗನನ್ನು ವ್ಯಕ್ತಿ ಎಂದೆವು. ತನ್ನ ಹಳ್ಳಿಯ ಗುಡ್ಡದ ಮೇಲೆ ನಿಂತವನನ್ನು ಅಪರಿಚಿತ ಎಂದೆವು. ಆಗಲೇ ಬೇಲಿಯ ಹೊರಗಿದ್ದವನನ್ನು ಹೊರಗೆ ಕಳುಹಿಸಿದೆವು ಎಂದೆವು.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಂಡು ಮಗಳೊಡನೆ ಆ ಮೂಲೆಗೆ ಹೋದೆವು. ಹುಡುಗ ಬಂದಿರಲಿಲ್ಲ. ಒಣಮಣ್ಣಿನ ಮೇಲೆ ನಾಲ್ಕು ಬೆರಳಿನ ಪುಟ್ಟ ಹೆಜ್ಜೆಗಳು ತಂತಿಯ ಕೆಳಗಿನಿಂದ ಒಳಬಂದು, ಡೇರೆಗಳತ್ತ ತುಸು ದೂರ ಸಾಗಿ, ಮತ್ತೆ ಹೊರಗೆ ಹೋಗಿದ್ದವು. ಪ್ಲಾಸ್ಟಿಕ್ಕಿನ ಅಚ್ಚಿಗೂ ಇದಕ್ಕೂ ಇದ್ದ ವ್ಯತ್ಯಾಸವನ್ನು ಮಗಳು ನಮಗೆ ವಿವರಿಸಿದಳು: ನರಿಯ ಹೆಜ್ಜೆ ನೇರ ಗೆರೆ ಎಳೆದಂತೆ ಒಂದರ ಮುಂದೊಂದು ಬೀಳುತ್ತದೆ, ನಾಯಿಯದು ಹಾಗಲ್ಲ. ಹಿಂದಿನ ಸಂಜೆ ಕಲಿತದ್ದು.

ಮೀರತ್ತಿನಲ್ಲಿ ಕುಳಿತು ಒಬ್ಬ ಸೇನಾಧಿಕಾರಿ ಬರೆದಿಟ್ಟ ವಿದ್ಯೆ ಮೂಲತಃ ಇಂತಹ ಹುಡುಗರದು. ಅದು ಪುಸ್ತಕವಾಗಿ ಇಂಗ್ಲೆಂಡಿಗೆ ಹೋಗಿ, ಚಳವಳಿಯಾಗಿ ಬೆಂಗಳೂರಿಗೆ ಮರಳಿ, ಈಗ ಶುಲ್ಕ ಕಟ್ಟಿದ ಮಕ್ಕಳಿಗೆ ಮರಳಿನ ತಟ್ಟೆಯಲ್ಲಿ ದೊರೆಯುತ್ತಿದೆ. ಆ ಹುಡುಗನಿಗೆ ಮಾತ್ರ ಒಳಗೆ ಬರಲು ಅಪ್ಪಣೆಯಿಲ್ಲ. 1909ರಲ್ಲಿ ದಂಡಿನ ಬೇಲಿಯಾಚೆ ನಿಂತಿದ್ದವರು ನಮ್ಮ ಅಜ್ಜಂದಿರ ವಯಸ್ಸಿನ ಮಕ್ಕಳು. ಅವರ ಪರವಾಗಿ ಈಗ ಕೋಪಗೊಳ್ಳುವುದು ನಮಗೆ ಸುಲಭ. ಅರಾವಳಿಯಲ್ಲಿ ನಾವು ನಿಂತದ್ದು ಬೇಲಿಯ ಒಳಗೆ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಮಾತೂ ಹೊಳೆಯಬೇಕಿತ್ತು. ದೆಹಲಿಗೆ ಬಂದ ಹೊಸತರಲ್ಲಿ ನಮ್ಮ ಹಿಂದಿಯನ್ನು ಕೇಳಿ ‘ನೀವು ಯಾವ ಕಡೆಯವರು?’ ಎಂದು ವಿಚಾರಿಸಿದವರು ಎಷ್ಟೋ ಮಂದಿ. ಅಪರಿಚಿತರೆನಿಸಿಕೊಳ್ಳುವುದರ ಕಸಿವಿಸಿ ನಮಗೆ ಪುಸ್ತಕದಿಂದ ತಿಳಿಯಬೇಕಾದುದಲ್ಲ. ಆದರೂ ಈ ನೆಲಕ್ಕೆ ನಮಗಿಂತ ಹಳಬನಾದ ಮಗುವನ್ನು ಕಂಡಾಗ ಅದೇ ಮಾತು ನಮ್ಮ ಬಾಯಿಯಿಂದ ಮೊದಲು ಹೊರಟಿತು.

ಹಿಂದಿರುಗಿದ ಮೇಲೆ ನಾವು ನಾಲ್ವರೂ ಸೇರಿ ಶಾಲೆಗೆ ಒಂದು ಮನವಿ ಬರೆದುಕೊಟ್ಟಿದ್ದೇವೆ. ಮುಂದಿನ ಶಿಬಿರಕ್ಕೆ ಆ ಗುಡ್ಡದ ಕೆಳಗಿನ ಸರ್ಕಾರಿ ಶಾಲೆಯ ಹತ್ತು ಹನ್ನೆರಡು ಮಕ್ಕಳನ್ನೂ, ಅವರ ಅಧ್ಯಾಪಕರ ಮತ್ತು ಮನೆಯವರ ಒಪ್ಪಿಗೆ ಪಡೆದು, ಸೇರಿಸಿಕೊಳ್ಳಬೇಕು. ಅವರ ಖರ್ಚನ್ನು ನಾವು ಪೋಷಕರು ಹಂಚಿಕೊಳ್ಳುತ್ತೇವೆ. ಜಾಡು ಹಿಡಿಯುವ ಪಾಠಕ್ಕೆ ಹಳ್ಳಿಯ ಹಿರಿಯರೊಬ್ಬರನ್ನು ಸಂಭಾವನೆ ಕೊಟ್ಟು ಕರೆಯಬೇಕು. ಸುರಕ್ಷತೆ, ವಿಮೆ, ಅನುಮತಿ ಎಂಬ ಮೂರು ಪ್ರಶ್ನೆಗಳು ಉತ್ತರವಾಗಿ ಬಂದಿವೆ. ಅವು ನ್ಯಾಯವಾದ ಪ್ರಶ್ನೆಗಳೇ. ಒಂದೊಂದಾಗಿ ಬಿಡಿಸುವ ಪ್ರಯತ್ನದಲ್ಲಿದ್ದೇವೆ. ಬೆಳಗಾವಿಯಲ್ಲಿ ವಿಧವೆಯರನ್ನು ಮನೆಯಿಂದ ಕರೆತರಲು ಉಮಾಬಾಯಿಯವರು ಎಷ್ಟು ಹೊಸ್ತಿಲುಗಳ ಮುಂದೆ ನಿಂತು ಮಾತನಾಡಿರಬೇಕೆಂದು ನೆನೆದರೆ ನಮ್ಮ ಓಡಾಟ ಯಾವ ಲೆಕ್ಕದ್ದೂ ಅಲ್ಲ.

ಮುಂದಿನ ಶಿಬಿರ ಫೆಬ್ರವರಿಯಲ್ಲಿ. ತಲೆ ಎಣಿಸುವ ಕೆಲಸ ಈ ಸಲವೂ ನಮ್ಮದೇ. ಎಣಿಕೆ ಮೂವತ್ತೆಂಟಕ್ಕೆ ನಿಲ್ಲದೆ ಐವತ್ತನ್ನು ಮುಟ್ಟಲಿ ಎಂದು ಆಸೆಪಟ್ಟಿದ್ದೇವೆ.